ಸ್ವಾಗತ ಕೌಂಟರ್ ಸಿಬ್ಬಂದಿಗೆ ಜಾರದ ಹಾಗೂ ಆರಾಮದಾಯಕ ಪಾದರಕ್ಷೆಗಳ ಆಯ್ಕೆ

ಪೀಠಿಕೆ

ಆಸ್ಪತ್ರೆಗಳ ನೋಂದಣಿ ಕೌಂಟರ್, ವಸತಿಗೃಹಗಳ ಸ್ವಾಗತ ವಿಭಾಗ, ಕಚೇರಿಗಳ ವಿಚಾರಣಾ ಕೌಂಟರ್ ಮುಂತಾದೆಡೆ ಕಾರ್ಯನಿರ್ವಹಿಸುವ ಸಿಬ್ಬಂದಿಯು ದಿನದ ಬಹುಭಾಗವನ್ನು ನಿಂತೇ ಕಳೆಯಬೇಕಾಗುತ್ತದೆ. ನಿಂತಲ್ಲಿಯೇ ನಿಲ್ಲುವುದರಿಂದ ಮೀನಖಂಡದ ಸ್ನಾಯುಗಳ ಚಲನೆ ಕಡಿಮೆಯಾಗಿ, ರಕ್ತವು ಕಾಲಿನಿಂದ ಹೃದಯದೆಡೆಗೆ ಮರಳುವುದು ನಿಧಾನಗೊಳ್ಳುತ್ತದೆ. ಇದರಿಂದ ಪಾದಗಳ ಊತ, ಹಿಮ್ಮಡಿ ನೋವು ಹಾಗೂ ಸೊಂಟನೋವು ಉಂಟಾಗುವ ಸಂಭವವಿರುತ್ತದೆ. ಪಾದರಕ್ಷೆಯು ನೋಟಕ್ಕೆ ಅಂದವಾಗಿದ್ದರೆ ಸಾಲದು. ಕೆಲಸದ ಸ್ಥಳದ ನೆಲಕ್ಕೂ ಧರಿಸುವವರ ಪಾದಕ್ಕೂ ಹೊಂದುವಂತಿರಬೇಕು.

ನೆಲದ ಸ್ವರೂಪ

ಸ್ವಾಗತ ಕೌಂಟರ್ ಸಾಮಾನ್ಯವಾಗಿ ಮುಖ್ಯದ್ವಾರದ ಸಮೀಪದಲ್ಲಿಯೇ ಇರುತ್ತದೆ. ಮುಂಗಾರಿನ ದಿನಗಳಲ್ಲಿ ಸಾರ್ವಜನಿಕರ ಕೊಡೆ ಹಾಗೂ ಚಪ್ಪಲಿಗಳಿಂದ ಇಳಿದ ನೀರು, ಬೆಳಗಿನ ವೇಳೆ ಫಿನೈಲ್ ಹಾಕಿ ಒರೆಸಿದ ತೇವ, ಇವೆರಡೂ ಇಲ್ಲಿಯೇ ಹೆಚ್ಚು. ಹೊಳಪು ನೀಡಿದ ಗ್ರಾನೈಟ್, ಅಮೃತಶಿಲೆ ಹಾಗೂ ವಿಟ್ರಿಫೈಡ್ ಟೈಲ್ಸ್ ಒಣಗಿದ್ದಾಗ ಜಾರದಿದ್ದರೂ ಒದ್ದೆಯಾದೊಡನೆ ಅಪಾಯಕಾರಿಯಾಗುತ್ತವೆ. ನೆಲ ಹಾಗೂ ಅಟ್ಟೆಯ ನಡುವೆ ಉಳಿಯುವ ತೆಳುವಾದ ನೀರಿನ ಪದರವೇ ಜಾರುವಿಕೆಗೆ ಮುಖ್ಯ ಕಾರಣವಾಗಿರುತ್ತದೆ. ವಾಹನದ ಟೈರಿನಂತೆಯೇ, ಅಟ್ಟೆಯಲ್ಲಿನ ಗೀರುಗಳು ಈ ನೀರು ಹೊರಹೋಗಲು ದಾರಿ ಮಾಡಿಕೊಡುತ್ತವೆ.

ಅಟ್ಟೆಯ ಆಯ್ಕೆ

1. ಮೃದು ರಬ್ಬರಿನ ಅಟ್ಟೆಯು ಒದ್ದೆ ನೆಲದ ಮೇಲೆ ಉತ್ತಮ ಹಿಡಿತ ನೀಡುತ್ತದೆ. ನುಣುಪಾದ ಚರ್ಮದ ಅಟ್ಟೆ ಹಾಗೂ ಗಟ್ಟಿ ಪ್ಲಾಸ್ಟಿಕ್ ಅಟ್ಟೆಗಳು ಸೂಕ್ತವಲ್ಲ.

2. ಅಟ್ಟೆಯ ಗೀರುಗಳು ಅಂಚಿನವರೆಗೂ ತೆರೆದಿರಬೇಕು. ಸುತ್ತಲೂ ಮುಚ್ಚಿದ ವಿನ್ಯಾಸದಲ್ಲಿ ನೀರು ಒಳಗೇ ಉಳಿಯುತ್ತದೆ.

3. ವೃತ್ತಿಪರ ಪಾದರಕ್ಷೆಗಳಿಗೆ ಐಎಸ್ 15298 (ಭಾಗ 4) ಭಾರತೀಯ ಮಾನಕವು ಅನ್ವಯಿಸುತ್ತದೆ. ಕೆಲವು ಪಾದರಕ್ಷೆಗಳ ಮೇಲೆ ಎಸ್‌ಆರ್‌ಎ, ಎಸ್‌ಆರ್‌ಬಿ ಅಥವಾ ಎಸ್‌ಆರ್‌ಸಿ ಎಂಬ ಗುರುತುಗಳಿರುತ್ತವೆ. ಸಾಬೂನು ದ್ರಾವಣ ಹರಡಿದ ಸೆರಾಮಿಕ್ ಹಾಸಿನ ಮೇಲಿನ ಪರೀಕ್ಷೆಯನ್ನು ಎಸ್‌ಆರ್‌ಎ, ಗ್ಲಿಸರಿನ್ ಸವರಿದ ಉಕ್ಕಿನ ಹಾಸಿನ ಮೇಲಿನ ಪರೀಕ್ಷೆಯನ್ನು ಎಸ್‌ಆರ್‌ಬಿ, ಎರಡರಲ್ಲಿಯೂ ಉತ್ತೀರ್ಣವಾದುದನ್ನು ಎಸ್‌ಆರ್‌ಸಿ ಸೂಚಿಸುತ್ತದೆ. 2021ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾನಕದಲ್ಲಿ ಇವುಗಳ ಬದಲು ಎಸ್‌ಆರ್ ಎಂಬ ಗುರುತು ಬಳಕೆಗೆ ಬಂದಿದೆ.

ಅಳತೆ ಮತ್ತು ಆಕಾರ

1. ಪಾದಗಳು ಸಂಜೆಯ ವೇಳೆಗೆ ಸ್ವಲ್ಪ ಊದಿಕೊಳ್ಳುವುದರಿಂದ, ಖರೀದಿಯನ್ನು ಸಂಜೆ ಮಾಡುವುದು ಸೂಕ್ತ. ಎರಡೂ ಪಾದಗಳನ್ನು ಅಳೆದು, ದೊಡ್ಡ ಪಾದದ ಅಳತೆಯನ್ನೇ ಆರಿಸಿಕೊಳ್ಳಬೇಕು.

2. ಅತಿ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವಿರಬೇಕು. ಬೆರಳುಗಳನ್ನು ಒತ್ತುವ ಚೂಪು ತುದಿಯ ಪಾದರಕ್ಷೆಗಳನ್ನು ಧರಿಸಬಾರದು.

3. ಹಿಮ್ಮಡಿಯು ತಗ್ಗಾಗಿಯೂ ಅಗಲವಾಗಿಯೂ ಇರಬೇಕು. ಎತ್ತರದ ಹಿಮ್ಮಡಿಯಿಂದ ದೇಹದ ಭಾರವು ಪಾದದ ಮುಂಭಾಗಕ್ಕೆ ವರ್ಗವಾಗುತ್ತದೆ.

4. ಸೀರೆಯೊಡನೆ ಚಪ್ಪಲಿ ಧರಿಸುವವರು ಹಿಂಬದಿಯಲ್ಲಿ ಪಟ್ಟಿಯುಳ್ಳ ಮಾದರಿಯನ್ನು ಆರಿಸಿಕೊಳ್ಳತಕ್ಕದ್ದು. ಸಡಿಲವಾದ ಚಪ್ಪಲಿಯನ್ನು ಹಿಡಿದಿಡಲು ಬೆರಳುಗಳು ಸದಾ ಬಿಗಿಹಿಡಿಯಬೇಕಾಗುತ್ತದೆ.

5. ಮಧುಮೇಹ ಇರುವವರಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರಬಹುದು. ಇಂಥವರು ಒಳಹೊಲಿಗೆ ಉಬ್ಬಿರದ ಪಾದರಕ್ಷೆಯನ್ನೇ ಕೊಳ್ಳಬೇಕು. ಧರಿಸುವ ಮುನ್ನ ಪ್ರತಿದಿನ ಒಳಭಾಗವನ್ನು ಕೈಯಿಂದ ಪರೀಕ್ಷಿಸಬೇಕು. ಗಾಯ ಕಂಡುಬಂದಲ್ಲಿ ಕೂಡಲೇ ವೈದ್ಯರನ್ನು ಸಂಪರ್ಕಿಸಬೇಕು.

ಬಾಳಿಕೆ ಮತ್ತು ನಿರ್ವಹಣೆ

ಪಾಲಿಯುರೆಥೇನ್ ಅಟ್ಟೆಯು ತೇವಾಂಶದಿಂದ ಕಾಲಕ್ರಮೇಣ ಒಡೆದು ಪುಡಿಯಾಗುವುದುಂಟು. ಕರಾವಳಿಯಂತಹ ತೇವದ ಹವೆಯಲ್ಲಿ ಬಹುಕಾಲ ಪೆಟ್ಟಿಗೆಯಲ್ಲಿಟ್ಟ ಪಾದರಕ್ಷೆಗಳನ್ನು ಪರೀಕ್ಷಿಸದೆ ಬಳಸಬಾರದು. ಹಿಮ್ಮಡಿಯ ಗೀರುಗಳು ಸವೆದು ನುಣುಪಾದಲ್ಲಿ, ಮೇಲ್ಭಾಗ ಎಷ್ಟೇ ಹೊಸದಾಗಿ ಕಂಡರೂ ಬದಲಾಯಿಸಬೇಕು. ಒದ್ದೆಯಾದವುಗಳನ್ನು ನೆರಳಿನಲ್ಲಿ ಒಣಗಿಸಬೇಕು.

ಆಡಳಿತ ವರ್ಗದ ಜವಾಬ್ದಾರಿ

ಪಾದರಕ್ಷೆಯೊಂದರಿಂದಲೇ ಅಪಘಾತಗಳು ನಿಲ್ಲುವುದಿಲ್ಲ. ದ್ವಾರದಲ್ಲಿ ನೀರು ಹೀರುವ ಹಾಸು, ಕೊಡೆ ಇಡುವ ಸ್ಥಳ, ಚೆಲ್ಲಿದ ನೀರನ್ನು ಕೂಡಲೇ ಒರೆಸುವ ವ್ಯವಸ್ಥೆ ಹಾಗೂ ಕೌಂಟರಿನ ಹಿಂಭಾಗದಲ್ಲಿ ಆಸನ ಇವುಗಳನ್ನು ಸಂಸ್ಥೆಗಳು ಒದಗಿಸಬೇಕು. ಅಂಗಡಿ ಹಾಗೂ ವಾಣಿಜ್ಯ ಸಂಸ್ಥೆಗಳಲ್ಲಿ ನೌಕರರಿಗೆ ಆಸನದ ಸೌಲಭ್ಯ ಕಲ್ಪಿಸಲು ಕೇರಳವು 2018ರಲ್ಲಿ ಹಾಗೂ ತಮಿಳುನಾಡು 2021ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿವೆ.

ಸಮವಸ್ತ್ರದ ಹೆಸರಿನಲ್ಲಿ ಎತ್ತರದ ಹಿಮ್ಮಡಿಯನ್ನು ಕಡ್ಡಾಯಗೊಳಿಸುವುದು ಸರಿಯಲ್ಲ. 2015ರಲ್ಲಿ ಲಂಡನ್ನಿನಲ್ಲಿ ಸ್ವಾಗತಕಾರಿಣಿಯೊಬ್ಬರು ಎತ್ತರದ ಹಿಮ್ಮಡಿಯ ಪಾದರಕ್ಷೆ ಧರಿಸಲಿಲ್ಲವೆಂಬ ಕಾರಣಕ್ಕೆ ಮನೆಗೆ ಕಳುಹಿಸಲ್ಪಟ್ಟರು. ಅವರ ಮನವಿಯ ಮೇರೆಗೆ ಬ್ರಿಟಿಷ್ ಸಂಸತ್ತಿನ ಸಮಿತಿಗಳು ವಿಚಾರಣೆ ನಡೆಸಿ 2017ರಲ್ಲಿ ವರದಿ ನೀಡಿದವು. ಕಪ್ಪು ಅಥವಾ ಕಂದು ಬಣ್ಣದ, ಸರಳವಾದ, ತಗ್ಗು ಹಿಮ್ಮಡಿಯ ಪಾದರಕ್ಷೆಯು ಸಂಸ್ಥೆಯ ಘನತೆಗೂ ಸಿಬ್ಬಂದಿಯ ಸುರಕ್ಷತೆಗೂ ಒಪ್ಪುವಂತಹುದಾಗಿರುತ್ತದೆ. ಆದುದರಿಂದ ಸಮವಸ್ತ್ರ ನಿಯಮಗಳನ್ನು ರೂಪಿಸುವಾಗ, ದಿನವಿಡೀ ನಿಂತು ಸೇವೆ ಸಲ್ಲಿಸುವ ಸಿಬ್ಬಂದಿಯ ಅಭಿಪ್ರಾಯವನ್ನು ಪಡೆಯುವುದು ಅವಶ್ಯಕ.