ದಫ್ ಕಾಯಿಸುವವರು, ಕೀಬೋರ್ಡ್ ನುಡಿಸುವವರು

ಮಲೆನಾಡಿನ ಮಳೆಗೂ ಚರ್ಮವಾದ್ಯಕ್ಕೂ ಎಣ್ಣೆ ಸೀಗೆಕಾಯಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೇವಕ್ಕೆ ಮದ್ದಳೆ ಮಂಕಾಗುವಂತೆಯೇ ದಫ್ ಕೂಡ ಮಂಕಾಗುತ್ತದೆ. ಆಡಿನ ಚರ್ಮಕ್ಕೆ ಬೆಂಕಿಯ ಕಾವು ತೋರಿಸಿದರೆ ಮತ್ತೆ ಬಿಗಿಯಾಗಿ ನುಡಿಯುತ್ತದೆ. ವಿದ್ಯುತ್ ಕೀಬೋರ್ಡಿಗೆ ಈ ತಾಪತ್ರಯವಿಲ್ಲ. ಆದರೆ ಅದು ಗೆದ್ದದ್ದಕ್ಕೆ ಕಾರಣ ಇಷ್ಟೇ ಅಲ್ಲ.

ಮರದ ಬಳೆಗೆ ಒಂದೇ ಬದಿಯಲ್ಲಿ ಚರ್ಮ ಹೊದಿಸಿದ ದಫ್, ಪಶ್ಚಿಮ ಏಷ್ಯಾದ ಹಳೆಯ ವಾದ್ಯ. ಅರಬ್ ವರ್ತಕರ ನಂಟಿನಿಂದ ಮಲಬಾರ್, ತುಳುನಾಡಿನ ಕರಾವಳಿಗೆ ಬಂದು, ಬ್ಯಾರಿಗಳೊಂದಿಗೆ ಘಟ್ಟದ ಮೇಲಕ್ಕೂ ಬಂತು. ಬ್ಯಾರಿ ಮದುವೆಗಳಲ್ಲಿ ಮದರಂಗಿಯ ಮೊಯಿಲಾಂಜಿ ಪಾಟ್, ಚಪ್ಪಾಳೆಯ ಕೈಕೊಟ್ಟು ಪಾಟ್ ಉಂಟು. ಇವುಗಳ ಹತ್ತಿರದ ಬಂಧು ಮಲಬಾರಿನ ಮಾಪ್ಪಿಳ ಪಾಟ್ಟು. ಅರಬ್ಬಿ ಲಿಪಿಯಲ್ಲಿ ಬರೆದ ಮಲಯಾಳದ ಈ ಪರಂಪರೆಯಲ್ಲಿ ‘ಮುಹಿಯುದ್ದೀನ್ ಮಾಲ’ 1607ರಷ್ಟು ಹಳೆಯದು. ಮೊಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ ಒಂದು ಪ್ರೇಮಕಾವ್ಯವನ್ನೇ ಬರೆದರು. ಹಾಡಿನ ಧಾಟಿಗೆ ಇಲ್ಲಿ ‘ಇಶಲ್’ ಎನ್ನುತ್ತಾರೆ.

1954ರ ಮಲಯಾಳ ಚಿತ್ರ ‘ನೀಲಕ್ಕುಯಿಲ್’ನಲ್ಲಿ ಕೆ. ರಾಘವನ್ ಈ ಧಾಟಿಯನ್ನು ಚಿತ್ರಗೀತೆಯಾಗಿಸಿದರು. 1973ರ ತೈಲಬೆಲೆ ಏರಿಕೆಯ ನಂತರ ಕರಾವಳಿಯ ಯುವಕರು ಕೊಲ್ಲಿ ದೇಶಗಳಿಗೆ ಹೊರಟರು; ಊರಿಗೆ ಟೇಪ್ ರೆಕಾರ್ಡರ್ ಬಂತು. ಗಂಡನಿಗೆ ಹೆಂಡತಿ ಬರೆದ ಕಾಗದದ ರೂಪದ ಎಸ್.ಎ. ಜಮೀಲ್ ಅವರ ‘ದುಬೈ ಕತ್ತು’ ಹಾಡು ಆ ದಶಕದ್ದೇ. ಕ್ಯಾಸೆಟ್ಟಿನ ಬೆನ್ನಿಗೇ ಕೀಬೋರ್ಡೂ ಬಂತು.

ಅರಬ್ ನಾಡಿನಲ್ಲೂ ನಡೆದದ್ದು ಇದೇ. ಸಿರಿಯಾದ ಮದುವೆಯ ದಬ್ಕೆ ಕುಣಿತಕ್ಕೆ ಮಿಜ್ವಿಜ್ ಎಂಬ ಜೋಡಿ ಕೊಳವೆಯ ವಾದ್ಯವಿತ್ತು. ನಮ್ಮ ಹಾವಾಡಿಗರ ಪುಂಗಿಯಂತೆ ಉಸಿರು ಕಡಿಯದೆ ಊದಬೇಕು. ಈಶಾನ್ಯ ಸಿರಿಯಾದ ಗಾಯಕ ಒಮರ್ ಸುಲೈಮಾನ್ ಅವರ ಜೊತೆಗಾರ ರಿಜಾನ್ ಸಯೀದ್ ಅದೇ ನಾದವನ್ನು ಕೀಬೋರ್ಡಿನಿಂದ ಹೊರಡಿಸಿದರು. ಅರಬ್ಬಿ ಸಂಗೀತದ ಕೆಲವು ಸ್ವರಗಳು ಎರಡು ಮನೆಗಳ ನಡುವೆ ಬೀಳುತ್ತವೆ. ಅದಕ್ಕಾಗಿ ಸ್ವರವನ್ನು ತುಸು ಇಳಿಸುವ ಸೌಲಭ್ಯವಿರುವ ಕೀಬೋರ್ಡುಗಳನ್ನು ಕಂಪೆನಿಗಳು ಬೇರೆಯಾಗಿಯೇ ತಯಾರಿಸಿದವು. ಮದುವೆ ಮನೆಯ ಈ ಹಾಡು 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ ತಲುಪಿತು.

ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ದಬ್ಕೆಯಲ್ಲಿ ಕೊಳಲು ಹೋದರೂ ಸಾಲು ಉಳಿಯಿತು. ಜನ ಈಗಲೂ ಕೈ ಕೈ ಹಿಡಿದು ನೆಲ ಒದ್ದು ಕುಣಿಯುತ್ತಾರೆ. ದಫ್ ಹಾಗಲ್ಲ. ಅಲ್ಲಿ ಬಾರಿಸುವವರೇ ಹಾಡುವವರು, ಬಾಗಿ ಏಳುವವರು. ಹತ್ತು ಮಂದಿಯ ಕೆಲಸವನ್ನು ಕೀಬೋರ್ಡಿನವನೊಬ್ಬ ಮಾಡಿದರೆ ಉಳಿದವರು ಕುರ್ಚಿ ಹಿಡಿಯಬೇಕಷ್ಟೆ. ದಫ್ ತಂಡಗಳು ಸ್ಪರ್ಧೆಯ ವೇದಿಕೆಯಲ್ಲಾದರೂ ಉಳಿದಿವೆ. ಕಷ್ಟವಿರುವುದು ಹೆಂಗಸರ ಹಾಡಿಗೆ. ಕೈಕೊಟ್ಟು ಪಾಟಿಗೆ ವಾದ್ಯವೇ ಬೇಡ, ಅಂಗೈಗಳು ಸಾಕು. ಧ್ವನಿವರ್ಧಕ ಹಚ್ಚಿದ ಮನೆಯಲ್ಲಿ ಆ ಚಪ್ಪಾಳೆ ಪಕ್ಕದವರಿಗೂ ಕೇಳಿಸುವುದಿಲ್ಲ.