ಗಂಜುಗಳಿಗೆ ಮತ್ತೆ ನೀರು

ವಿಜಾಪುರಕ್ಕೆ ಬಂದ ನೆಂಟರು ಗೋಳಗುಮ್ಮಟ ಹತ್ತಿ, ಪಿಸುಮಾತಿನ ಪ್ರತಿಧ್ವನಿ ಕೇಳಿ ಮರಳುತ್ತಾರೆ. ಓಣಿಗಳ ನಡುವೆ ನಿಂತಿರುವ ಚೌಕಾಕಾರದ ಕಲ್ಲುಗೋಪುರಗಳು ಯಾತಕ್ಕೆಂದು ಕೇಳುವವರು ಕಡಿಮೆ. ಅವು ಗಂಜುಗಳು, ಆದಿಲಶಾಹಿ ಕಾಲದ ನೀರಿನ ಗೋಪುರಗಳು.

ನಮ್ಮದು ಬರದ ಸೀಮೆ. ಅರಕೇರಿ, ತಿಕೋಟಾ, ಬಬಲೇಶ್ವರದ ರೈತನಿಗೆ ಕೊಡ ನೀರಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂಥ ನೆಲದಲ್ಲಿ ಒಂದು ರಾಜಧಾನಿ ಸುಮಾರು ಎರಡು ಶತಮಾನ ಬಾಳಿತೆಂದರೆ, ಅದರ ಹಿಂದೆ ನೀರಿನ ಲೆಕ್ಕಾಚಾರವಿತ್ತು. ಪಡುವಣದ ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು, ತುಸುವೇ ಇಳಿಜಾರು ಕೊಟ್ಟು, ನೀರನ್ನು ಶಹರಕ್ಕೆ ಹರಿಸಿದರು. ಇದು ಇರಾನಿನಿಂದ ಬಂದ ಕಾರೇಜ್ ಪದ್ಧತಿ. ಸುರಂಗದುದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಬಾಯಿಗಳು. ಅಗೆಯಲು, ಗಾಳಿಗೆ, ಹೂಳೆತ್ತಲು. 1651ರಲ್ಲಿ ಮುಹಮ್ಮದ್ ಆದಿಲಶಾಹ ದಕ್ಷಿಣಕ್ಕೆ ಬೇಗಂ ತಲಾಬ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹೊರಟಿತು. ದಾರಿಯಲ್ಲಿ ಗಂಜು ಹತ್ತಿ ಇಳಿಯುವಾಗ ನೀರಿನ ಒತ್ತಡ ತಗ್ಗುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ, ಕೆಸರೂ ತಳಕ್ಕಿಳಿಯುತ್ತಿತ್ತು. ಯಂತ್ರವಿಲ್ಲ, ಎಣ್ಣೆಯಿಲ್ಲ, ನೆಲದ ಏರಿಳಿತವೇ ದುಡಿಯುತ್ತಿತ್ತು.

1686ರಲ್ಲಿ ಔರಂಗಜೇಬ ಶಹರ ಗೆದ್ದ. ಅರಸೊತ್ತಿಗೆ ಹೋದ ಮೇಲೆ ಹೂಳೆತ್ತಿಸುವವರೂ ಹೋದರು.

ಈಗ ಇದನ್ನೇಕೆ ದುರಸ್ತಿ ಮಾಡಬೇಕು, ಕೃಷ್ಣೆಯ ನೀರು ನಳದಲ್ಲಿ ಬರುತ್ತದಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಇಂದಿನ ಇಡೀ ಶಹರಕ್ಕೆ ಹಳೆಯ ಕೊಳವೆ ನೀರುಣಿಸಲಾರದು, ಅದನ್ನು ಯಾರೂ ಬಯಸಲೂಬಾರದು. ಕೇಳುವುದು ಇಷ್ಟೇ: ಸುರಂಗದ ಬಾಯಿಗಳನ್ನು ಗುರುತಿಸಿ, ಅವುಗಳ ಮೇಲೆ ಮನೆ ಏಳದಂತೆ ಕಾಯಬೇಕು, ಹೂಳೆತ್ತಬೇಕು, ಮಳೆನೀರು ಒಳಗಿಳಿಯಲು ದಾರಿ ಬಿಡಬೇಕು, ಒಂದಾದರೂ ಗಂಜಿಗೆ ನೀರು ಹಾಯಿಸಿ ಮಕ್ಕಳಿಗೆ ತೋರಿಸಬೇಕು.

ಇದು ಆಗದ ಕೆಲಸವಲ್ಲ. 1620ರ ತಾಜ್ ಬಾವಡಿಯ ಹೂಳನ್ನು ಕಳೆದ ದಶಕದಲ್ಲಿ ತೆಗೆದರು. ಬೀದರದ ನೌಬಾದ್ ಕಾರೇಜಿನಲ್ಲೂ ಹೂಳೆತ್ತಿದಾಗ ಮುಚ್ಚಿಹೋಗಿದ್ದ ಸುರಂಗ ಮತ್ತೆ ಕಂಡಿತು. ದಖ್ಖನದ ಹಳೆಯ ನೀರಿನ ವ್ಯವಸ್ಥೆಗಳನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ತನ್ನ 2020ರ ಕಾಳಜಿಯ ಪಟ್ಟಿಗೆ ಸೇರಿಸಿತು. ದೂರದವರು ಗುರುತಿಸಿದ್ದನ್ನು ಮನೆಯವರು ಮರೆಯಬಾರದು.

ಗುಮ್ಮಟ ಒಬ್ಬ ಸುಲ್ತಾನನ ಗೋರಿ. ಗಂಜು ಊರಿನ ದಾಹ ತಣಿಸಿದ್ದು. ಗೋರಿಗೆ ಸಲ್ಲುವ ಮರ್ಯಾದೆಯಲ್ಲಿ ಒಂದು ಪಾಲು ಇದಕ್ಕೂ ಸಲ್ಲಲಿ.