ಕೆನರಾ ಕರಾವಳಿಯಲ್ಲಿ ಬಾಸೆಲ್ ಪಾದ್ರಿಗಳ ಜೀವನ

ಉಡುಪಿಯಿಂದ ಬಡಗಲಾಗಿ ಹೊರಟವನು ಕಲ್ಯಾಣಪುರದ ಹೊಳೆಯನ್ನು ದಾಟಿ, ಬ್ರಹ್ಮಾವರವನ್ನು ಕಳೆದು, ಮಾಬುಕಳದಲ್ಲಿ ಸೀತಾನದಿಯನ್ನೂ ಉತ್ತರಿಸಿ, ಸಾಲಿಗ್ರಾಮ ಕೋಟಗಳ ಮಾರ್ಗವಾಗಿ ಕುಂಭಾಶಿಯನ್ನು ಸೇರುವಷ್ಟರಲ್ಲಿ ಅವನ ಕಿವಿಗೆ ಬೀಳುವ ಮಾತೇ ಬೇರೆಯಾಗಿರುತ್ತದೆ. ತುಳುವು ಹಿಂದುಳಿದು ಕುಂದಾಪುರ ಸೀಮೆಯ ಕನ್ನಡವು ಎದುರುಗೊಳ್ಳುತ್ತದೆ. ಭೀಮಸೇನನು ಕುಂಭಾಸುರನನ್ನು ವಧಿಸಿದನೆಂದು ಐತಿಹ್ಯವುಳ್ಳ, ಆನೆಗುಡ್ಡೆಯ ವಿನಾಯಕನಿಂದ ಪ್ರಸಿದ್ಧವಾದ ಈ ಕ್ಷೇತ್ರದ ದಾರಿಯಲ್ಲಿ ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆಹೊಳೆಗೂ ದೋಣಿಯನ್ನು ಕಾಯಬೇಕಾಗಿತ್ತು. ಈ ಕರಾವಳಿಯಲ್ಲಿ ಧರ್ಮಬೋಧೆಗೆಂದು ಬಂದ ಪರದೇಶಸ್ಥನಿಗೆ ಒಂದು ಭಾಷೆ ಸಾಲದು, ಎರಡು ಬೇಕು. ಅವನ ಪ್ರಥಮ ತಪಸ್ಸು ಅದೇ ಆಗಿತ್ತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಯು ಕಳುಹಿಸಿದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ ತಿಂಗಳಲ್ಲಿ ಕಲ್ಲಿಕೋಟೆಯಲ್ಲಿಳಿದು ಮಂಗಳೂರನ್ನು ಸೇರಿದರು. ಇಂಗ್ಲಿಷರಲ್ಲದ ಪಾದ್ರಿಗಳಿಗೂ ಈ ದೇಶದಲ್ಲಿ ಅವಕಾಶವನ್ನು ಕಲ್ಪಿಸಿದ ಕಂಪೆನಿಯ ಸನ್ನದು ಹಿಂದಣ ವರ್ಷವಷ್ಟೇ ಹೊರಟಿದ್ದಿತು. ಅನಂತರ ಬಂದವರಲ್ಲಿ ಹೆಚ್ಚಿನವರು ಜರ್ಮನಿಯ ವ್ಯೂರ್ಟೆಂಬೆರ್ಗ್ ಪ್ರಾಂತದ ಹಳ್ಳಿಗಳವರು. ರೈತರ, ಕಸಬುದಾರರ ಮಕ್ಕಳು.

ಅವರ ದಿನಚರ್ಯೆಯು ಕಟ್ಟುನಿಟ್ಟಾದುದು. ಪ್ರಾತಃಕಾಲದ ಪ್ರಾರ್ಥನೆ, ಬಳಿಕ ಮುನ್ಶಿಯ ಮುಂದೆ ಕುಳಿತು ಭಾಷಾಭ್ಯಾಸ, ಶಾಲೆಯ ಮೇಲ್ವಿಚಾರಣೆ, ಸಂಜೆ ಪೇಟೆಯಲ್ಲಿ ಬೋಧೆ. ಮಳೆಗಾಲದ ತಿಂಗಳುಗಳಲ್ಲಿ ಓದು, ಬರಹ, ಭಾಷಾಂತರ. ಹೊಳೆಗಳು ಇಳಿದ ಮೇಲೆ ಜಾತ್ರೆಗಳಿಗೂ ಸಂತೆಗಳಿಗೂ ಸಂಚಾರ. ಮಾಡಿದ ಕೆಲಸವನ್ನೆಲ್ಲ ವರದಿಯಾಗಿ ಬರೆದು ಬಾಸೆಲಿನ ಆಡಳಿತ ಸಮಿತಿಗೆ ಕಳುಹಿಸಬೇಕು. ಜಾತ್ರೆಯಲ್ಲಿ ನಿಂತು ಜನರ ದೇವರನ್ನು ಹಳಿದವನಿಗೆ ಪ್ರತಿಯಾಗಿ ಕೂಗು, ಕೆಸರು ದೊರೆತರೆ ಅದರಲ್ಲಿ ಆಶ್ಚರ್ಯವೇನು? 1844ರಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಕ್ರೈಸ್ತರಾದಾಗ ಊರೆಲ್ಲ ಕ್ಷೋಭೆಗೊಂಡಿತು. ಅವರು ಬಾಸೆಲಿಗೆ ಹೋಗಿ ಐದು ವರ್ಷ ವ್ಯಾಸಂಗ ಮಾಡಿ, ತಮ್ಮ ನಾಡಿಗೇ ಮಿಶನರಿಯಾಗಿ ಹಿಂದಿರುಗಿದರು.

ಮತಾಂತರ ಹೊಂದಿದವನು ಕುಟುಂಬದಿಂದ ಹೊರಗಾಗುತ್ತಿದ್ದನು, ಗೇಣಿಯ ಭೂಮಿಯನ್ನೂ ಕಳೆದುಕೊಳ್ಳುತ್ತಿದ್ದನು. ಹಲವರು ಬಿಲ್ಲವರು, ಅವರ ಕುಲಕಸಬಾದ ಮೂರ್ತೆಯನ್ನು ಮಿಶನ್ ಒಪ್ಪಲಿಲ್ಲ. ಹೀಗೆ ಅನ್ನದ ಹೊಣೆಯು ಪಾದ್ರಿಯ ತಲೆಯ ಮೇಲೆಯೇ ಬಿದ್ದಿತು. ಧರ್ಮಬೋಧಕನು ನೇಯ್ಗೆಯ ಲೆಕ್ಕವನ್ನೂ ಜೇಡಿಯ ಮಣ್ಣಿನ ಗುಣವನ್ನೂ ವಿಚಾರಿಸಬೇಕಾಯಿತು. 1851ರಲ್ಲಿ ಹಾಲರ್ ಎಂಬವರು ಮಂಗಳೂರಿನಲ್ಲಿ ಸುಧಾರಿಸಿದ ಮಗ್ಗವನ್ನು ಹೂಡಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಮಲ್ಪೆಯಲ್ಲಿಯೂ ಅಂಥದೊಂದು ನಡೆಯಿತು. ಕಾಲಕ್ರಮದಲ್ಲಿ ಕುಂದಾಪುರವೂ ಹಂಚಿನ ಕಾರ್ಖಾನೆಗಳ ಊರಾಯಿತು. ಮುಳಿಹುಲ್ಲಿನ ಮಾಡುಗಳಿಗೆ ಬದಲಾಗಿ ಕೆಂಪು ಹಂಚು ಬಂದಿತು. ಮತವನ್ನು ಬೇಡವೆಂದವರೂ ಹಂಚನ್ನು ಬೇಡವೆನ್ನಲಿಲ್ಲ. 1914ರ ಮಹಾಯುದ್ಧದಲ್ಲಿ ಜರ್ಮನರು ಶತ್ರುಪ್ರಜೆಗಳಾಗಿ ಬಂಧನಕ್ಕೊಳಗಾದರು, ಕಾರ್ಖಾನೆಗಳು ಅನ್ಯರ ಕೈಸೇರಿದವು. ತರುವಾಯ, 1923ರಲ್ಲಿ, ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡ್ ಅವರು ಉಡುಪಿಯಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದರು. ಜನರು ಅದನ್ನು ಮಿಶನ್ ಆಸ್ಪತ್ರೆಯೆಂದೇ ಕರೆದರು.

ಇವರ ಗೃಹಜೀವನದಲ್ಲಿ ಅತ್ಯಂತ ಕಠಿಣವಾದುದು ಬಿಸಿಲೂ ಅಲ್ಲ, ಜ್ವರವೂ ಅಲ್ಲ. ಸಮಿತಿಯ ಅನುಮತಿಯಿಲ್ಲದೆ ಮಿಶನರಿಯು ವಿವಾಹವಾಗುವಂತಿರಲಿಲ್ಲ. ಎಷ್ಟೋ ಕನ್ಯೆಯರು ಮುಖಪರಿಚಯವೇ ಇಲ್ಲದ ವರನಿಗಾಗಿ ಸಮುದ್ರವನ್ನು ದಾಟಿ ಬಂದರು. ಹುಟ್ಟಿದ ಮಕ್ಕಳನ್ನು, ಶಾಲೆಗೆ ಹೋಗುವ ವಯಸ್ಸಾಗುತ್ತಲೇ, ಯೂರೋಪಿಗೆ ಕಳುಹಿಸಬೇಕೆಂದು 1853ರಲ್ಲಿ ನಿಯಮವಾಯಿತು. ಅವರನ್ನು ಸಾಕಲು ಬಾಸೆಲಿನಲ್ಲಿ ಮಕ್ಕಳ ಮನೆಯೇ ಏರ್ಪಟ್ಟಿತು. ಸುಯೆಜ್ ಕಾಲುವೆಯು ತೆರೆದುದು 1869ರಲ್ಲಿ. ಅದಕ್ಕೆ ಮುಂಚೆ ಆಫ್ರಿಕಾ ಖಂಡವನ್ನು ಸುತ್ತಿಹೋಗುವ ಹಡಗಿನ ಪ್ರಯಾಣಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಹಾಗೆ ಕಳುಹಿಸಿಕೊಟ್ಟ ಮಗುವನ್ನು ತಾಯಿಯು ಮತ್ತೆ ಕಾಣುವಾಗ ಅದು ಪ್ರಾಯಕ್ಕೆ ಬಂದು ಗುರುತು ಹತ್ತದಂತಾಗಿರುತ್ತಿದ್ದಿತು. ಸನ್ಯಾಸಿಯು ಮೊದಲೇ ಸಂಸಾರವನ್ನು ತೊರೆಯುವನು. ಇವರು ಸಂಸಾರವನ್ನು ಕಟ್ಟಿ ಆಮೇಲೆ ತೊರೆದರು. ಯಾವುದು ಹೆಚ್ಚಿನ ಕಷ್ಟವೆಂಬುದನ್ನು ತಾಯಂದಿರೇ ಹೇಳಬೇಕು.

ಈ ಸಮುದಾಯದಲ್ಲಿ 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗರ ಹೆಸರನ್ನು ಕನ್ನಡಿಗರು ಮರೆಯುವಂತಿಲ್ಲ. 1843ರ ಜುಲೈ 1ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ವರ್ತಮಾನಪತ್ರವೆಂದು ಗಣ್ಯವಾಗಿದೆ. ಕಂಪೆನಿ ಸರಕಾರದ ನಿವೃತ್ತ ಅಧಿಕಾರಿ ಕ್ಯಾಸಮೇಜರರ ಧನಸಹಾಯದಿಂದ, ಬಂಧುವಾದ ವೈಗ್ಲೆಯವರೊಡಗೂಡಿ, 1848ರಿಂದ 1853ರ ವರೆಗೆ ಅವರು ಹಳೆಯ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ಜೈಮಿನಿ ಭಾರತ, ದಾಸರ ಪದಗಳು, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ ಇವೆಲ್ಲ ಹೀಗೆ ಬೆಳಕನ್ನು ಕಂಡವು. ಮಠಗಳಲ್ಲಿ ಓಲೆಯ ಕಟ್ಟುಗಳಾಗಿದ್ದ ಶಿವಶರಣರ ಚರಿತ್ರೆಗಳನ್ನು ಅಚ್ಚಿಗಿಳಿಸಿದವರು, ಆ ಶರಣರ ಮತವನ್ನು ಖಂಡಿಸಬೇಕೆಂದು ಬಂದವರೇ! ಜನರ ಶ್ರದ್ಧೆಯನ್ನು ಅರಿಯದೆ ಬೋಧೆಯು ನಾಟದೆಂಬುದು ಅವರ ಉದ್ದೇಶ. ಉದ್ದೇಶವು ಏನೇ ಆಗಿರಲಿ, ಗ್ರಂಥವು ಉಳಿಯಿತು. ವುರ್ಥ್ ಎಂಬ ಪಾದ್ರಿಯು ಈ ಎರಡು ಪುರಾಣಗಳ ಸಾರವನ್ನು 1860ರ ದಶಕದಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಆದರೆ ಒಂದು ನ್ಯೂನತೆಯನ್ನು ಹೇಳಲೇಬೇಕು. ಇವರು ಬಸವಣ್ಣನನ್ನು ಪುರಾಣದ ಮೂಲಕ ಅರಿತರು. ಪವಾಡಪುರುಷನು ಇವರ ಬರಹದಲ್ಲಿ ಕಾಣಿಸುವಷ್ಟು ವಚನಕಾರನು ಕಾಣಿಸುವುದಿಲ್ಲ. ಆ ಕೆಲಸವು ವಿಜಾಪುರದ ಫ. ಗು. ಹಳಕಟ್ಟಿಯವರಿಗಾಗಿ ಕಾದಿದ್ದಿತು.

ಮೋಗ್ಲಿಂಗರು ವೈಗ್ಲೆಯವರ ಮರಣಾನಂತರ ಅವರ ವಿಧವೆಯನ್ನು ವಿವಾಹವಾಗಿ, 1860ರಲ್ಲಿ ಸ್ವದೇಶಕ್ಕೆ ಮರಳಿ, 1881ರಲ್ಲಿ ತೀರಿಕೊಂಡರು.

ಫೆರ್ಡಿನಂಡ್ ಕಿಟ್ಟೆಲರು ಬಂದುದು 1853ರಲ್ಲಿ. ಧಾರವಾಡದ ಸೀಮೆಯಲ್ಲಿ ಹಳ್ಳಿಗರೊಡನೆ ಅತಿಯಾಗಿ ಬೆರೆತು ಬಾಳುತ್ತಾರೆಂಬುದೇ ಸಹೋದ್ಯೋಗಿಗಳು ಅವರ ಮೇಲೆ ಹೊರಿಸಿದ ದೋಷ. 1864ರಲ್ಲಿ ಪತ್ನೀವಿಯೋಗವಾಯಿತು, ಆಕೆಯ ತಂಗಿಯನ್ನು ಮುಂದೆ ವರಿಸಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. 1877ರಲ್ಲಿ ಜರ್ಮನಿಗೆ ಹೋದವರು, ನಿಘಂಟುವಿನ ನಿಮಿತ್ತ ಹೆಂಡತಿಮಕ್ಕಳನ್ನು ಅಲ್ಲಿಯೇ ಬಿಟ್ಟು 1883ರಲ್ಲಿ ಒಬ್ಬರೇ ಹಿಂದಿರುಗಿದರು. ಪಂಡಿತರನ್ನು ಕೂರಿಸಿಕೊಂಡು, ಗ್ರಂಥಗಳನ್ನು ಜಾಲಾಡಿ, ಜನರ ಬಾಯಿಯ ಗಾದೆಗಳನ್ನೂ ಬಿಡದೆ ಸಂಗ್ರಹಿಸುತ್ತ ಸುಮಾರು ಒಂಬತ್ತು ವರ್ಷ ಹೀಗೆ ಏಕಾಂಗಿಯಾಗಿದ್ದು, 1892ರಲ್ಲಿ ಕೊನೆಯ ಸಲ ಈ ನೆಲವನ್ನು ಬಿಟ್ಟರು. ಸುಮಾರು 70,000 ಶಬ್ದಗಳ ಆ ಕೋಶವು 1894ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಹೊರಬಿದ್ದಿತು. ಅವರ ಕನ್ನಡ ವ್ಯಾಕರಣವು ಅಚ್ಚಾದುದು 1903ರಲ್ಲಿ. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗೆನ್ ನಗರದಲ್ಲಿ ಕಿಟ್ಟೆಲರು ದೇಹವನ್ನು ಬಿಟ್ಟರು.